ಸಾರಥಿಯ ದೇಹಸ್ಥಿತಿ

ನಿಜಾಮ ಸಂಸ್ಥಾನದ ರೈಲ್ವೆಯ ಅಂಗವಾಗಿ 1932ರಲ್ಲಿ 27 ಬಸ್ಸುಗಳಿಂದಲೂ 166 ಮಂದಿ ಕೆಲಸಗಾರರಿಂದಲೂ ಹೈದರಾಬಾದಿನಲ್ಲಿ ಆರಂಭವಾಗಿ ಮುಂದೆ ತೆಲಂಗಾಣ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯಾಗಿ ಬೆಳೆದ ಬಸ್ ಸೇವೆಯು, 2019ರ ಅಕ್ಟೋಬರ್ 5ರಂದು ಸುಮಾರು 48,000 ನೌಕರರು ಮುಷ್ಕರ ಹೂಡಿದಾಗ, ದಾರುಣವಾದ ಪರೀಕ್ಷೆಗೆ ಒಳಗಾಯಿತು. 52 ದಿನಗಳ ಆ ಹೋರಾಟದಲ್ಲಿ ಕೆಲವರು ಪ್ರಾಣವನ್ನೇ ನೀಗಿದರು. ಗೈರುಹಾಜರಾದವರು ತಾವಾಗಿಯೇ ಉದ್ಯೋಗ ತೊರೆದರೆಂದು ಘೋಷಿಸಿದ್ದ ಸರ್ಕಾರವೇ ಕೊನೆಗೆ ಅವರನ್ನು ಮರಳಿ ಸೇರಿಸಿಕೊಂಡು, ಡಿಸೆಂಬರ್ 1ರಂದು ಮುಖ್ಯಮಂತ್ರಿಯ ಅಂದಿನ ನಿವಾಸವಾದ ಪ್ರಗತಿ ಭವನದಲ್ಲಿ ಪಂಕ್ತಿಭೋಜನಕ್ಕೆ ಕರೆದು ಮಾತನಾಡಿಸಿ, ಮಹಿಳಾ ನೌಕರರ ಪಾಳಿಯು ರಾತ್ರಿ 8ರೊಳಗೆ ಮುಗಿಯತಕ್ಕದ್ದೆಂದು ಸಾರಿತು. ಆ ಮಾತುಕತೆ ಮುಷ್ಕರಕ್ಕೆ ಮೊದಲೇ ನಡೆಯಬಾರದಾಗಿತ್ತೇ?

ಏಕೆಂದರೆ, ಇಂಜಿನ್ನಿನ ಶಾಖವನ್ನು ಕಾಲಬಳಿಯಲ್ಲಿಯೇ ಸಹಿಸುತ್ತ, ಹೈದರಾಬಾದಿನ ಕೋಠಿಯ ದಟ್ಟಣೆಯಲ್ಲಿ ಮೂತ್ರವನ್ನೂ ಹಸಿವನ್ನೂ ಕಟ್ಟಿ ಹಿಡಿದು, ಬೆನ್ನುನೋವಿನೊಡನೆಯೇ ಮುಂದಿನ ಟ್ರಿಪ್ಪಿಗೆ ಅಣಿಯಾಗುವ ಚಾಲಕನ ಬಾಳು ಮೇಲಧಿಕಾರಿಯ ಕಡತದಲ್ಲಿ ಕಾಣುವುದಿಲ್ಲ. ಹುಬ್ಬಳ್ಳಿಯವರೇ ಆದ ವಿ. ಸಿ. ಸಜ್ಜನರ ಅವರು 2021ರ ಸೆಪ್ಟೆಂಬರಿನಲ್ಲಿ ಸಂಸ್ಥೆಯ ಆಡಳಿತ ವಹಿಸಿಕೊಂಡು, ಲಕ್ಡಿಕಾಪೂಲಿನಿಂದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದವರೆಗೆ ಸಾಮಾನ್ಯ ಪ್ರಯಾಣಿಕರಂತೆ ಸಂಚರಿಸಿದುದೂ, ಮರುವರ್ಷ ನೌಕರರೆಲ್ಲರಿಗೂ ವೈದ್ಯಕೀಯ ತಪಾಸಣೆ ಏರ್ಪಡಿಸಿದುದೂ ಆದ್ದರಿಂದಲೇ ಶ್ಲಾಘನೀಯ.

ಆದರೆ ವ್ಯಕ್ತಿಯ ಸೌಜನ್ಯವು ವರ್ಗಾವಣೆಯೊಡನೆ ಹೊರಟುಹೋಗುವುದು, ನಿಯಮವಾದರೋ ಉಳಿಯುವುದು. ಡಿಪೋ ಡಿಪೋಗಳಲ್ಲಿ ಶುಚಿಯಾದ ಶೌಚಾಲಯ, ವಿಶ್ರಾಂತಿಯ ಕೋಣೆ, ವರ್ಷಕ್ಕೊಮ್ಮೆ ತಪಾಸಣೆ, ನೌಕರರೇ ಆರಿಸಿದ ಸಂಘದೊಡನೆ ನಿಯತವಾದ ಸಮಾಲೋಚನೆ, ಇವನ್ನು ಸರ್ಕಾರವು ಲಿಖಿತ ಹಕ್ಕುಗಳಾಗಿ ಮಾಡಿಕೊಡಲಿ.