‘ಸೆವರಲಿ’ ಎಂಬ ಪದದ ಭಾರ

ಬ್ಯಾಂಕಿನ ಜಾಮೀನು ಪತ್ರಕ್ಕೆ ಸಹಿ ಹಾಕುವ ವರ್ತಕರು ಸಾಮಾನ್ಯವಾಗಿ ಸಾಲದ ಮೊತ್ತ ಮತ್ತು ಬಡ್ಡಿಯ ದರಗಳನ್ನು ಗಮನಿಸಿ ಪುಟ ಮಗುಚುತ್ತಾರೆ. ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂಬ ಮಾತು ಕಣ್ಣಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ. ‘ಸೆವರಲ್’ ಎಂದರೆ ‘ಹಲವು’ ಎಂದು ಶಾಲೆಯಲ್ಲಿ ಕಲಿತವರು ಇದನ್ನು ‘ಹಲವರು ಸೇರಿ’ ಎಂದು ಗ್ರಹಿಸುವುದು ಸಹಜ. ಅರ್ಥ ಅದಕ್ಕೆ ತದ್ವಿರುದ್ಧವಾಗಿದೆ. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ‘ಬೇರೆ ಬೇರೆಯಾದ’ ಎಂಬುದೇ ಹಳೆಯ ಅರ್ಥ. ‘ಸೆಪರೇಟ್’ ಎಂಬುದು ಇದರ ದಾಯಾದಿ. ಕಾನೂನು ಆ ಹಳೆಯ ಅರ್ಥವನ್ನೇ ಕಾಪಾಡಿಕೊಂಡು ಬಂದಿದೆ.

ನಾಲ್ವರು ಪಾಲುದಾರರ ಸಂಸ್ಥೆಯೊಂದು 40 ಲಕ್ಷ ರೂಪಾಯಿ ಬಾಕಿ ಉಳಿಸಿಕೊಂಡರೆ, ಶೇಕಡಾ 10ರ ಪಾಲುದಾರನ ಹೊಣೆ 4 ಲಕ್ಷಕ್ಕೆ ನಿಲ್ಲುವುದಿಲ್ಲ. ಸಾಲ ಕೊಟ್ಟವನು ಇಡೀ 40 ಲಕ್ಷವನ್ನು ಅವನೊಬ್ಬನಿಂದಲೇ ವಸೂಲು ಮಾಡಬಹುದು. 1932ರ ಪಾಲುದಾರಿಕೆ ಅಧಿನಿಯಮದ 25ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಪಾಲುಪತ್ರದಲ್ಲಿ ಬರೆದ ಪ್ರಮಾಣ ಪಾಲುದಾರರ ಪರಸ್ಪರ ಲೆಕ್ಕಕ್ಕೆ ಮಾತ್ರ. ಹೆಚ್ಚು ತೆತ್ತವನು ಉಳಿದವರಿಂದ ವಸೂಲು ಮಾಡಿಕೊಳ್ಳಬೇಕು. ಅವರು ಆ ವೇಳೆಗೆ ದಿವಾಳಿಯಾಗಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಆ ಪದವನ್ನು ಹೊಡೆದುಹಾಕಿಸಿದರೂ ಪಾರಾಗುವಂತಿಲ್ಲ. ವಿರುದ್ಧವಾದ ಸ್ಪಷ್ಟ ಕರಾರಿಲ್ಲದಿದ್ದರೆ, ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬನಿಂದಲಾದರೂ ಪೂರ್ಣ ಪಾವತಿ ಕೇಳಲು 1872ರ ಕರಾರು ಅಧಿನಿಯಮದ 43ನೇ ಕಲಮು ಅವಕಾಶ ನೀಡುತ್ತದೆ.

ಜಾಮೀನುದಾರನ ಸ್ಥಿತಿಯೂ ಇದೇ. ಮೊದಲು ಸಾಲಗಾರನನ್ನು ಹಿಡಿಯಿರಿ ಎಂದು ಆತ ಬ್ಯಾಂಕಿಗೆ ಹೇಳುವಂತಿಲ್ಲ ಎಂಬುದು ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಇತ್ಯರ್ಥವಾಗಿದೆ.

ತೆರಿಗೆಯ ಮಾತಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 2017ರ ಕೇಂದ್ರ ಜಿಎಸ್‌ಟಿ ಅಧಿನಿಯಮದ 90ನೇ ಕಲಮಿನಂತೆ ನಿವೃತ್ತ ಪಾಲುದಾರನು ನಿವೃತ್ತಿಯ ದಿನದವರೆಗಿನ ತೆರಿಗೆಗೆ ಬಾಧ್ಯನು. ನಿವೃತ್ತಿಯ ಸೂಚನೆ 1 ತಿಂಗಳೊಳಗೆ ಕಮಿಷನರಿಗೆ ಲಿಖಿತವಾಗಿ ತಲುಪದಿದ್ದರೆ, ಅದು ತಲುಪುವ ದಿನದವರೆಗೂ ಬಾಧ್ಯತೆ ಮುಂದುವರಿಯುತ್ತದೆ. ಮನೆಯವರ ಸಮಕ್ಷಮ ಪಾಲು ಬಿಟ್ಟುಕೊಟ್ಟು ಕೈತೊಳೆದುಕೊಂಡವರು ಇದನ್ನು ಮರೆಯುವುದೇ ಹೆಚ್ಚು.

ಹಲವು ಬ್ಯಾಂಕುಗಳು ಕೂಡಿ ಒಂದೇ ಉದ್ದಿಮೆಗೆ ಸಾಲ ಕೊಡುವಾಗ ತಮ್ಮ ಹೊಣೆ ‘ಸೆವರಲ್’ ಮಾತ್ರ, ‘ಜಾಯಿಂಟ್’ ಅಲ್ಲ ಎಂದು ಸಾಮಾನ್ಯವಾಗಿ ಬರೆಸಿಕೊಳ್ಳುತ್ತವೆ. ಪ್ರತಿ ಬ್ಯಾಂಕು ತನ್ನ ಪಾಲಿಗಷ್ಟೇ ಜವಾಬ್ದಾರಿ. ಪದದ ಬೆಲೆ ಬಲ್ಲವರು ಅದನ್ನು ಬಳಸುವ ರೀತಿ ಇದು. ಸಣ್ಣ ಉದ್ದಿಮೆದಾರನೂ ತನ್ನ ಜಾಮೀನಿಗೆ ಗರಿಷ್ಠ ಮೊತ್ತವನ್ನು ಅಂಕಿಯಲ್ಲಿ ನಮೂದಿಸಲು ಕೇಳುವುದು ನ್ಯಾಯವೇ. ಬ್ಯಾಂಕು ಒಪ್ಪದಿದ್ದರೆ, ಸಹಿಗೆ ಮುನ್ನ ಆ ಕಲಮನ್ನು ಕನ್ನಡದಲ್ಲಿ ಬರೆದುಕೊಡುವಂತೆಯಾದರೂ ಪಟ್ಟುಹಿಡಿಯಬೇಕು.