ಹೆಬ್ಬೆರಳು ಕೇಳುವವರು ನಾವೇ

2021ರ ಆಟಿ ತಿಂಗಳು. ಇಚಿಲಂಪಾಡಿಯ ನನ್ನ ತವರಿನಲ್ಲಿ ಹೊರಗೆ ಜಡಿಮಳೆ, ಒಳಗೆ ಟಿ.ವಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಸ್ಸಾಮಿನ ಹುಡುಗಿ ಲವ್ಲೀನಾ ಬೊರ್ಗೊಹೈನ್ ಬಾಕ್ಸಿಂಗ್‌ನಲ್ಲಿ ಕಂಚು ಗೆದ್ದ ಸುದ್ದಿ ಬರುತ್ತಿತ್ತು. ಹತ್ತನೇ ಕ್ಲಾಸಿನಲ್ಲಿದ್ದ ತಂಗಿಯ ಮಗಳು ನನ್ನ ಪಕ್ಕ ಬಂದು ಕೂತು, “ದೊಡ್ಡಮ್ಮ, ನಾನೂ ಬಾಕ್ಸಿಂಗ್ ಕಲೀತೇನೆ” ಎಂದಳು. ತಂಗಿ ನನ್ನ ಮುಖ ನೋಡಿದಳು. ಮಹಿಳಾ ಮಂಡಲದ ವೇದಿಕೆಗಳಲ್ಲಿ ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು ಏನು ಹೇಳಿದೆ ಗೊತ್ತೇ? “ಮೂಗಿಗೆ ಪೆಟ್ಟಾದ್ರೆ ನಾಳೆ ಯಾರು ನೋಡ್ಲಿಕ್ಕೆ ಬರ್ತಾರೆ ಮಾರಾಯ್ತಿ?” ಎಲ್ಲರೂ ನಕ್ಕರು. ಅವಳೂ ನಕ್ಕು ಒಳಗೆ ಹೋದಳು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಒಂದು ವೇಳೆ ನಾನು ‘ಆಗಲಿ’ ಎಂದಿದ್ದರೂ ಅವಳಿಗೆ ಕಲಿಸುವವರು ಯಾರಿದ್ದರು? ಈ ಪ್ರಶ್ನೆ ಕಾಡತೊಡಗಿದ್ದು ಆಮೇಲೆ. ಗೆದ್ದವರ ಹೆಸರು ನಮಗೆಲ್ಲ ಬಾಯಿಪಾಠ. ಗೆಲ್ಲಿಸಿದವರ ಹೆಸರು?

ನಮ್ಮ ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಚೇನಂಡ ಅಚ್ಚಯ್ಯ ಕುಟ್ಟಪ್ಪ ಆ ಕೊಡಗಿನವರು. ಸೇನೆಗೆ ಸೇರಿ ಅಲ್ಲೇ ಬಾಕ್ಸಿಂಗ್‌ನಲ್ಲಿ ಬೆಳೆದವರು, ಸುಬೇದಾರರು, ಭಾರತ ತಂಡದ ತರಬೇತುದಾರರಾಗಿದ್ದವರು. 2018ರಲ್ಲಿ ರಾಷ್ಟ್ರಪತಿಗಳಿಂದ ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. ಮರುವರ್ಷ ರಷ್ಯದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮಿತ್ ಪಂಘಾಲ್‌ಗೆ ಬೆಳ್ಳಿ, ಮನೀಷ್ ಕೌಶಿಕ್‌ಗೆ ಕಂಚು ಬಂತು. ಆ ಕೂಟದಲ್ಲಿ ಭಾರತದ ಗಂಡಸರಿಗೆ ಒಮ್ಮೆಗೇ ಎರಡು ಪದಕ ಸಿಕ್ಕಿದ್ದು ಅದೇ ಮೊದಲು. ಆಗ ಜೈಕಾರವೆಲ್ಲ ಹುಡುಗರಿಗೆ. ಟೋಕಿಯೋಕ್ಕೆ ಐವರು ಹುಡುಗರು ಹೋಗಿ ಐವರೂ ಬರಿಗೈಯಲ್ಲಿ ಬಂದರು. ಅದೇ ವರ್ಷ ಮುಖ್ಯ ತರಬೇತುದಾರರ ಜಾಗಕ್ಕೆ ಬೇರೆಯವರು ಬಂದರು. ಸಾರು ರುಚಿಯಾದರೆ ತರಕಾರಿ ಒಳ್ಳೆಯದಿತ್ತು, ಉಪ್ಪು ಹೆಚ್ಚಾದರೆ ಮಾತ್ರ ಅಡಿಗೆಯವಳ ಕೈ! ಈ ನ್ಯಾಯ ನಮಗೆ ಹೊಸತೇನಲ್ಲವಲ್ಲ?

ಕುಟ್ಟಪ್ಪನವರಂಥವರು ಮಾಡುವ ಕೆಲಸವಾದರೂ ಏನು? ಹೊಡೆಯಲು ಕಲಿಸುವುದು ಎಂದು ನಾನೂ ತಿಳಿದಿದ್ದೆ. ಅಲ್ಲ. ಮೊದಲು ನಿಲ್ಲಲು ಕಲಿಸುತ್ತಾರೆ. ಕಾಲು ಎಲ್ಲಿಡಬೇಕು, ಗಲ್ಲದ ಹತ್ತಿರ ಕೈ ಹೇಗಿರಬೇಕು, ಬರುವ ಪೆಟ್ಟಿನಿಂದ ಹೇಗೆ ಜಾರಿಕೊಳ್ಳಬೇಕು. ಬೆರಳು ಮುರಿಯದ ಹಾಗೆ ಗ್ಲೌಸಿನ ಒಳಗೆ ಪಟ್ಟಿ ಸುತ್ತುವುದು, ಹಲ್ಲಿಗೆ ಗಾರ್ಡು ಹಾಕಿಸುವುದು, ತೂಕ ಕಾಯುವುದು ಎಲ್ಲವೂ ಅವರದೇ. ಆಟ ಮೂರು ಸುತ್ತು, ಸುತ್ತಿಗೆ ಮೂರು ನಿಮಿಷ. ನಡುವಿನ ಒಂದೇ ಒಂದು ನಿಮಿಷದಲ್ಲಿ ನೀರು ಕೊಟ್ಟು, ಮುಖ ಒರೆಸಿ, ಎಲ್ಲಿ ತಪ್ಪಿತೆಂದು ಹೇಳಿ ಮತ್ತೆ ಕಳಿಸಬೇಕು. ತನ್ನ ಹುಡುಗ ಇನ್ನು ತಾಳಲಾರ ಎನಿಸಿದರೆ ಟವೆಲ್ ಎಸೆದು ಆಟವನ್ನೇ ನಿಲ್ಲಿಸಬೇಕು.

“ಹೊಡೆದಾಟ ಹೆಣ್ಣಿಗೇಕೆ?” ಎನ್ನುವವರಿಗೆ ನನ್ನ ಉತ್ತರ ಇಲ್ಲೇ ಇದೆ. ಪೆಟ್ಟು ಹೆಣ್ಣಿಗೆ ಹೊಸದೇ? ಕುಡಿದು ಬಂದ ಗಂಡನ ಕೈಯಲ್ಲಿ ಅಡಿಗೆಮನೆಯೊಳಗೆ ಪೆಟ್ಟು ತಿನ್ನುವವಳಿಗೆ ಮೂರು ನಿಮಿಷಕ್ಕೆ ಗಂಟೆ ಬಾರಿಸುವವರಿಲ್ಲ. ಟವೆಲ್ ಎಸೆಯುವವರಂತೂ ಇಲ್ಲವೇ ಇಲ್ಲ. “ಹೊಂದಿಕೊಂಡು ಹೋಗು” ಎಂದು ತವರಿನಿಂದ ಮತ್ತೆ ಆ ಮನೆಗೇ ಕಳಿಸುವವರಿದ್ದಾರೆ. ನಿಯಮವಿರುವ, ಕಾಯುವ ಗುರುವಿರುವ ರಿಂಗಿಗೆ ಹೆದರುವ ನಾವು, ನಿಯಮವೇ ಇಲ್ಲದ ಮನೆಗೆ ವಾಲಗ ಊದಿಸಿ ಮಗಳನ್ನು ಕಳಿಸುತ್ತೇವೆ!

ಲವ್ಲೀನಾಗೆ ಏನು ಸಿಕ್ಕಿತು ನೋಡಿ. ಅವಳದೂ ಗೋಲಾಘಾಟ್ ಜಿಲ್ಲೆಯ ಒಂದು ಹಳ್ಳಿ. ಅವಳ ಹೆಣ್ಣುಮಕ್ಕಳ ಹೈಸ್ಕೂಲಿಗೇ ಕ್ರೀಡಾ ಪ್ರಾಧಿಕಾರದವರು ಆಯ್ಕೆಗೆ ಬಂದರು. ಪದುಮ್ ಬೋರೊ ಎಂಬ ತರಬೇತುದಾರ ಅವಳನ್ನು ಗುರುತಿಸಿ 2012ರಿಂದ ಕಲಿಸಿದರು. ಮುಂದೆ ಅವಳನ್ನು ಪಳಗಿಸಿದವರಲ್ಲಿ ಸಂಧ್ಯಾ ಗುರುಂಗ್ ಎಂಬ ಹೆಣ್ಣುಮಗಳೂ ಇದ್ದಾರೆ. ಅವರಿಗೆ 2021ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯೂ ಬಂತು. ಹುಡುಗಿ ಗುರುವನ್ನು ಹುಡುಕಿಕೊಂಡು ಅಲೆಯಲಿಲ್ಲ, ಗುರುವೇ ಶಾಲೆಯ ಬಾಗಿಲಿಗೆ ಬಂದ. ವ್ಯತ್ಯಾಸ ಇಷ್ಟೇ.

ಗುರುವೆಂದರೇನೆಂದು ತುಳುನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಪಕ್ಕದ ಎಣ್ಮೂರಿನಲ್ಲೇ ಕೋಟಿ ಚೆನ್ನಯರ ಗರಡಿ ಇದೆ. ಗರಡಿಯೆಂದರೆ ಅಂಗಸಾಧನೆಯ ಮನೆ. ಇಂದು ಅಲ್ಲಿ ಕೈಮುಗಿಯುತ್ತೇವೆ, ಕಲಿಯುವುದಿಲ್ಲ. ಶಾಲೆಯಲ್ಲಾದರೂ ಕಲಿಯೋಣವೆಂದರೆ ನಾನು ಓದಿದ ಶಾಲೆಯಲ್ಲಿ ಆಟದ ಪೀರಿಯಡ್ಡು ಲೆಕ್ಕದ ಮೇಷ್ಟ್ರ ಪಾಲಾಗುತ್ತಿತ್ತು. ಹುಡುಗರನ್ನು ಹೇಗೋ ಮೈದಾನಕ್ಕೆ ಬಿಟ್ಟರೂ ಹುಡುಗಿಯರ ಕೈಗೆ ಬರುತ್ತಿದ್ದದ್ದು ಕಸಬರಿಕೆ.

ಪ್ರಶಸ್ತಿಗೆ ದ್ರೋಣರ ಹೆಸರಿಟ್ಟವರಿಗೆ ಏಕಲವ್ಯನ ನೆನಪಾಗಲಿಲ್ಲವೇ ಎಂದು ನಾನು ಹಿಂದೊಮ್ಮೆ ಭಾಷಣದಲ್ಲಿ ಕೇಳಿದ್ದುಂಟು, ಚಪ್ಪಾಳೆಯೂ ಬಿದ್ದಿತ್ತು. ಈಗ ಆ ಪ್ರಶ್ನೆ ನನ್ನ ಕಡೆಗೇ ತಿರುಗಿದೆ. ದ್ರೋಣರು ಕಲಿತವನ ಹೆಬ್ಬೆರಳು ಕೇಳಿದರು. ನಾವು ತಾಯಂದಿರು, ದೊಡ್ಡಮ್ಮಂದಿರು, ಅತ್ತೆಯರು, ಕಲಿಯುವ ಮೊದಲೇ ಕೇಳಿ ಪಡೆಯುತ್ತೇವೆ. ಅದೂ ನಗುನಗುತ್ತಾ, ಪ್ರೀತಿಯ ಹೆಸರಿನಲ್ಲಿ.

ಹುಡುಗಿಯರೆಲ್ಲ ಬಾಕ್ಸರ್ ಆಗಲಿ ಎಂದು ನಾನು ಹೇಳುತ್ತಿಲ್ಲ. ಕಬಡ್ಡಿಯಾಗಲಿ, ಓಟವಾಗಲಿ, ಈಜಾಗಲಿ, ಕಲಿಯುತ್ತೇನೆಂದವಳಿಗೆ ಕಲಿಸುವವರು ಇರಲಿ. ಶಾಲೆಯ ಪೋಷಕರ ಸಭೆಯಲ್ಲಿ ಚಾ ಕುಡಿದು ಸಹಿ ಹಾಕಿ ಬರುವ ನಾವು ಒಂದು ಮಾತು ಕೇಳೋಣ: ನಮ್ಮ ಹೆಣ್ಣುಮಕ್ಕಳಿಗೆ ಆಟ ಕಲಿಸುವ ಮಾಸ್ಟ್ರು ಎಲ್ಲಿ, ಟೀಚರ್ ಎಲ್ಲಿ? ಉತ್ತರ ಬರುವವರೆಗೆ ಏಳದೆ ಕೂರೋಣ.

ಕಳೆದ ಸಲ ಊರಿಗೆ ಹೋದಾಗ ನಾನೇ ಅವಳನ್ನು ಕರೆದು, ಆ ದಿನ ನಾನು ಹೇಳಿದ್ದು ತಪ್ಪು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗ್ಲಿ ಬಿಡಿ ದೊಡ್ಡಮ್ಮ, ಈಗ ಎಂತ ಮಾಡ್ಲಿಕ್ಕುಂಟು?” ಎಂದಳು. ‘ಹೋಗ್ಲಿ ಬಿಡಿ’ ಎನ್ನುವುದನ್ನು ಮಾತ್ರ ಅವಳು ಚೆನ್ನಾಗಿ ಕಲಿತಿದ್ದಾಳೆ. ಅದನ್ನು ಕಲಿಸಿದ ಗುರು ನಾನು.