ಬಿಚ್ಚುವ ಚೆಂದ ನೋಡಬೇಡಿ, ಮಡಚುವ ವೇಗ ನೋಡಿ

ಕಳೆದ ಏಪ್ರಿಲ್‌ನ ಒಂದು ಸಂಜೆ. ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆ ಕಡೆ ಹೋಗುವ ರಸ್ತೆಯ ಪಕ್ಕ ಟಾಟಾ ಏಸ್ ನಿಲ್ಲಿಸಿಕೊಂಡು ಗಂಡ ಹೆಂಡತಿ ತರಕಾರಿ ಮಾರುತ್ತಿದ್ದರು. ಗಾಡಿಯ ಪಕ್ಕಕ್ಕೂ ಹಿಂದಕ್ಕೂ ಸೇರುವ ಹಾಗೆ ನೀಲಿ ಟಾರ್ಪಾಲು ಎಳೆದು, ಆರು ಕಂಬ ಕೊಟ್ಟು, ಹಗ್ಗ ಕಟ್ಟಿದ್ದರು. ಗಂಡ ಟೀ ತರಲು ಹೋಗಿದ್ದಾಗ ಮಳೆಗೆ ಮುಂಚಿನ ಗಾಳಿ ಎದ್ದಿತು. ಆಕೆ ಒಂದು ಕಂಬ ಹಿಡಿದರೆ ಇನ್ನೊಂದು ಎದ್ದಿತು. ಟಾರ್ಪಾಲು ಮೇಲಕ್ಕೆ ಹಾರಿ, ಕಂಬ ಅವರ ಮುಂಗೈಗೆ ಬಡಿಯಿತು. ಹಗ್ಗ ರಸ್ತೆಗೆ ಬಿದ್ದು, ಬೈಕಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಉರುಳುವುದು ಸ್ವಲ್ಪದರಲ್ಲಿ ತಪ್ಪಿತು.

ಆ ದಾರಿಯಲ್ಲಿ ಹೋಗುತ್ತಿದ್ದ ನಾವೂ ಓಡಿ ಹೋಗಿ ಹಿಡಿದೆವು. ಮೂರು ಜನ ಸೇರಿ ಮಡಚುವಷ್ಟರಲ್ಲಿ ಮಳೆ ಬಂದು ನಿಂತೂ ಹೋಯಿತು. ಆಕೆಯ ಕೈಗೆ ಕಟ್ಟು ಬಿತ್ತು. ಮೂರು ವಾರ ಗಂಡ ಒಬ್ಬರೇ ವ್ಯಾಪಾರಕ್ಕೆ ನಿಂತರು, ಅದೂ ನೆರಳಿಲ್ಲದೆ. ನೆರಳು ಕಟ್ಟಲು ಇಬ್ಬರು ಬೇಕಿತ್ತು, ಇದ್ದದ್ದು ಒಬ್ಬರೇ.

ಇದು ಸುದ್ದಿಯಾಗಲಿಲ್ಲ. ಹಾರಿದ ಟಾರ್ಪಾಲಿನ ಸುದ್ದಿಯನ್ನು ಯಾವ ಪತ್ರಿಕೆ ಹಾಕುತ್ತದೆ ಎಂದು ನಾವೇ ಕಳಿಸಲಿಲ್ಲ. ಅದಕ್ಕೇ ಈಗ ಇಲ್ಲಿ ಬರೆಯುತ್ತಿದ್ದೇವೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಅಂತರಗಂಗೆ ಬೆಟ್ಟಕ್ಕೆ, ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಬೆಂಗಳೂರಿನಿಂದ ಬರುವ ಕೆಲವು ದೊಡ್ಡ ಜೀಪುಗಳ ತಲೆಯ ಮೇಲೆ ಉದ್ದನೆಯ ಚೀಲ ಇರುತ್ತದೆ. ಜಿಪ್ ಎಳೆದು ತಿರುಗಿಸಿದರೆ ಬೀಸಣಿಗೆಯ ಹಾಗೆ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಗಾಡಿಯ ಎಡಗಡೆ, ಹಿಂದುಗಡೆ, ಎರಡೂ ಕಡೆ ಒಂದೇ ನೆರಳು. ಕಾಡಿನಲ್ಲಿ ಡೇರೆ ಹಾಕಿ ಉಳಿಯುವವರಿಗಾಗಿ ಮಾಡಿದ ವಸ್ತು ಅದು. ಅದನ್ನು ನೋಡಿದ ನಮ್ಮ ತರಕಾರಿ ಗಾಡಿಯವರು, ತಿಂಡಿ ಗಾಡಿಯವರು ನಮಗೂ ಇಂಥದ್ದು ಬೇಕು ಎನ್ನುತ್ತಿದ್ದಾರೆ. ಕೆಲವರು ಮೊಬೈಲಿನಲ್ಲಿ ಹುಡುಕುತ್ತಲೂ ಇದ್ದಾರೆ.

ಬೇಕು ಎನ್ನುವುದು ತಪ್ಪಲ್ಲ. ರಜೆಗೆ ಬಂದವರು ಆ ನೆರಳಿನಲ್ಲಿ ಎರಡು ದಿನ ಕೂರುತ್ತಾರೆ. ನಮ್ಮವರು ವರ್ಷದಲ್ಲಿ ಮುನ್ನೂರು ದಿನ ನಿಲ್ಲುತ್ತಾರೆ. ನಿಜವಾಗಿ ಅದರ ಅಗತ್ಯ ಇರುವುದು ನಮ್ಮವರಿಗೇ. ಆದರೆ ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಎಷ್ಟು ದೊಡ್ಡದು, ಎಷ್ಟು ಬೇಗ ಬಿಚ್ಚುತ್ತದೆ ಎಂಬುದು. ನಮ್ಮ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ಗಾಳಿ ಎದ್ದಾಗ ಒಬ್ಬರೇ, ಒಂದು ನಿಮಿಷದೊಳಗೆ ಮಡಚಲು ಆಗುತ್ತದೆಯೇ?

ಯಾಕೆ ಎಂದು ಲೆಕ್ಕ ಹಾಕಿ ನೋಡೋಣ.

ಈ ಸುತ್ತು ನೆರಳಿಗೆ 270 ಡಿಗ್ರಿಯದು ಎನ್ನುತ್ತಾರೆ. ಗಾಡಿಯ ಹಿಂಬದಿ ಮೂಲೆಯಲ್ಲಿ ಕೀಲು ಇಟ್ಟು, ಅಲ್ಲಿಂದ ಮುಕ್ಕಾಲು ಸುತ್ತು ಬಟ್ಟೆ ಹರಡುತ್ತದೆ. ಉಳಿದ ಕಾಲು ಸುತ್ತಿನ ಜಾಗದಲ್ಲಿ ಗಾಡಿಯೇ ಇರುತ್ತದೆ. ಕೋಲಿನ ಉದ್ದ 2 ಮೀಟರ್ ಇದ್ದರೆ ನೆರಳು 9 ಚದರ ಮೀಟರಿಗೂ ಸ್ವಲ್ಪ ಹೆಚ್ಚು. ಅಂದರೆ 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯಷ್ಟು. ಅರ್ಧ ಸುತ್ತಿನದಾದರೆ 6 ಚದರ ಮೀಟರ್ ಮೀರಿ ಸ್ವಲ್ಪ.

ಈಗ ಗಾಳಿ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 7.5 ಕೆ.ಜಿ. ಭಾರ ಬೀಳುತ್ತದೆ. ಮುಕ್ಕಾಲು ಸುತ್ತಿನ ನೆರಳಿಗೆ ಅದು 70 ಕೆ.ಜಿ. ಒಬ್ಬ ದೊಡ್ಡ ಮನುಷ್ಯ ಜೋತು ಬಿದ್ದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 80 ಕಿಲೋಮೀಟರ್ ಗಾಳಿಗೆ 280 ಕೆ.ಜಿ. ಆಯಿತು. ಟಾರು ರಸ್ತೆಯಲ್ಲಿ ಗೂಟ ಹೊಡೆಯಲು ಆಗುವುದಿಲ್ಲ. ನಾಲ್ಕು ಕಂಬಕ್ಕೆ 20 ಲೀಟರಿನ ನಾಲ್ಕು ನೀರಿನ ಕ್ಯಾನ್ ಕಟ್ಟಿದರೂ ಸಿಗುವುದು 80 ಕೆ.ಜಿ. ಸಣ್ಣ ಗಾಳಿಗೆ ಅದು ಸಾಕು. ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಯಾವ ಕ್ಯಾನೂ ಸಾಲದು. ಆಗ ಇರುವ ದಾರಿ ಒಂದೇ, ಮಡಚುವುದು.

ಮಳೆಯ ಲೆಕ್ಕವೂ ಹೀಗೇ. ಬಟ್ಟೆ ಜೋತು ಬಿದ್ದು ಒಂದು ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಆಳದ ಗುಂಡಿಯಾದರೆ ಅದರಲ್ಲಿ ನಿಲ್ಲುವ ನೀರು ಸುಮಾರು 40 ಲೀಟರ್. ಎರಡು ಬಾಕ್ಸ್ ಟೊಮೆಟೊಗಿಂತ ಹೆಚ್ಚಿನ ಭಾರ. ಕೋಲು ಬಾಗುವುದು ಆಗಲೇ. ಹಾಗಾಗಿ ಗಾಡಿಯ ಕಡೆ ಎತ್ತರ, ಹೊರಗಡೆ ಒಂದು ಅಡಿಯಾದರೂ ತಗ್ಗು ಇರಬೇಕು. ಎಲ್ಲಾ ಕಡೆ ಸಮ ಇರುವ ನೆರಳು ಫೋಟೋದಲ್ಲಿ ಚೆಂದ, ಮಳೆಯಲ್ಲಿ ಅಪಾಯ.

ಕಂಬವೇ ಬೇಡ ಎಂದು ಮಾರುವ ನೆರಳುಗಳೂ ಇವೆ. ಕೀಲು, ಕೋಲು ಗಟ್ಟಿ ಇರುವುದರಿಂದ ತಾನೇ ನಿಲ್ಲುತ್ತದೆ. ಬಿಚ್ಚಲು, ಮಡಚಲು ಬೇಗ ಆಗುವುದು ನಿಜ. ಆದರೆ ಗಾಳಿಯ ಭಾರವೆಲ್ಲ ಆ ಒಂದು ಕೀಲಿನ ಮೇಲೆ, ಅದನ್ನು ಹಿಡಿದಿರುವ ನಾಲ್ಕು ಬೋಲ್ಟಿನ ಮೇಲೆ ಬೀಳುತ್ತದೆ. ಅಂಥದ್ದು ಕೊಂಡರೂ ಕೋಲಿನ ತುದಿಯಿಂದ ಇಳಿಯುವ ಕಾಲು ಇರುವುದನ್ನೇ ಕೊಳ್ಳಿ. ವ್ಯಾಪಾರ ಮಾಡುವಾಗ ಕಾಲು ಇಳಿಸಿಯೇ ಇರಲಿ.

ಮೊಬೈಲಿನಲ್ಲಿ ತರಿಸುವವರು ಒಂದು ವಿಷಯ ಮರೆಯಬೇಡಿ. ಈ ನೆರಳುಗಳಲ್ಲಿ ಎಡಗಡೆಯದು, ಬಲಗಡೆಯದು ಎಂದು ಬೇರೆ ಬೇರೆ ಇರುತ್ತವೆ. ನಾವು ರಸ್ತೆಯ ಎಡಗಡೆ ಗಾಡಿ ನಿಲ್ಲಿಸುತ್ತೇವೆ. ನೆರಳು ಎಡಕ್ಕೇ ಬಿಚ್ಚಬೇಕು. ಬಲಕ್ಕೆ ಬಿಚ್ಚಿದರೆ ಗಿರಾಕಿ ನಿಲ್ಲುವುದು ಲಾರಿ, ಬಸ್ಸಿನ ಬಾಯಿಗೆ. ಆಸ್ಟ್ರೇಲಿಯಾದವರು ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ, ಅಮೆರಿಕದವರು ಬಲಗಡೆ. ಅಮೆರಿಕಕ್ಕೆಂದು ಮಾಡಿದ್ದರಲ್ಲಿ ಪ್ಯಾಸೆಂಜರ್ ಸೈಡ್ ಎಂದು ಬರೆದಿದ್ದರೆ ಅದು ಬಲಗಡೆಯದು. ಹೆಸರು ನೋಡಿ ಆರ್ಡರ್ ಮಾಡಬೇಡಿ, ಚಿತ್ರ ನೋಡಿ.

ಬಟ್ಟೆಯ ವಿಷಯಕ್ಕೆ ಬರೋಣ. ನೀಲಿ ಪ್ಲಾಸ್ಟಿಕ್ ಟಾರ್ಪಾಲು ಅಗ್ಗ. ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಅದರ ಕೆಳಗೆ ಟೊಮೆಟೊ ಕೂಡ ನೀಲಿಗಟ್ಟಿದ ಹಾಗೆ ಕಾಣುತ್ತದೆ. ನರ್ಸರಿಯವರು ಬಳಸುವ ಹಸಿರು ನೆರಳು ಬಲೆ ಗಾಳಿಯನ್ನು ಒಳಗೆ ಬಿಡುತ್ತದೆ, ಹಾಗಾಗಿ ಹಾರುವ ಭಯ ಕಡಿಮೆ. ಆದರೆ ಮಳೆ ತಡೆಯುವುದಿಲ್ಲ, ತರಕಾರಿಯ ಬಣ್ಣ ಕೆಡಿಸುತ್ತದೆ. ದಿನವೂ ನಿಲ್ಲುವವರಿಗೆ ಬಿಳಿ ಅಥವಾ ಮಣ್ಣಿನ ಬಣ್ಣದ, ನೀರು ಹಿಡಿಯದ ಕ್ಯಾನ್ವಾಸ್ ಒಳ್ಳೆಯದು. ಜಿಎಸ್‌ಎಂ ಎಂದು ಕೇಳುತ್ತೀರಲ್ಲ, ಅದು ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 300 ಜಿಎಸ್‌ಎಂ ಆದರೆ ಮುಕ್ಕಾಲು ಸುತ್ತಿನ ಬಟ್ಟೆ 3 ಕೆ.ಜಿ.ಯೊಳಗೇ ಬರುತ್ತದೆ. ಭಾರ ಇರುವುದು ಬಟ್ಟೆಯಲ್ಲಿ ಅಲ್ಲ, ಕಬ್ಬಿಣದಲ್ಲಿ. ಆದ್ದರಿಂದ ತೆಳು ಬಟ್ಟೆ ಕೊಂಡು ಭಾರ ಉಳಿಸುತ್ತೇವೆ ಎಂದುಕೊಳ್ಳಬೇಡಿ. ಕ್ಯಾನ್ವಾಸನ್ನು ಒದ್ದೆ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಮಾರನೆಯ ಬೆಳಿಗ್ಗೆ ಬಿಡಿಸಿ ಒಣಗಿಸಲೇಬೇಕು.

ಮಸಾಲೆಪುರಿ, ದೋಸೆ ಗಾಡಿಯವರಿಗೆ ಇನ್ನೊಂದು ಮಾತು. ಗ್ಯಾಸ್ ಒಲೆ ನೆರಳಿನ ನಡುವೆ ಬೇಡ, ಅಂಚಿನಲ್ಲಿ, ಗಾಳಿ ಆಡುವ ಕಡೆ ಇರಲಿ. ಪ್ಲಾಸ್ಟಿಕ್ ಟಾರ್ಪಾಲು ಬೆಂಕಿಗೆ ಕರಗಿ ಕೆಳಗಿದ್ದವರ ಮೇಲೆ ಹನಿಹನಿಯಾಗಿ ಬೀಳುತ್ತದೆ.

ನಮ್ಮೂರಿಗೆ ಮಾತ್ರ ಇರುವ ಕಷ್ಟವೊಂದಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು. ಆಷಾಢದ ಗಾಳಿಗೆ ಆ ದಿಬ್ಬಗಳ ಧೂಳು ಏಳುತ್ತದೆ. ಮೇಲೆ ನೆರಳಿದ್ದರೆ ಸಾಲದು, ಗಾಳಿ ಬರುವ ಕಡೆಗೆ ಪರದೆಯೂ ಬೇಕು. ಆಷಾಢದ ಗಾಳಿ ಪಡುವಣದಿಂದ ಬರುತ್ತದೆ, ಮಧ್ಯಾಹ್ನ ಮೂರರ ಬಿಸಿಲೂ ಪಡುವಣದ್ದೇ. ಹಾಗಾಗಿ ರಸ್ತೆ ಉತ್ತರ ದಕ್ಷಿಣವಾಗಿದ್ದರೆ ದಕ್ಷಿಣಕ್ಕೆ ಮುಖ ಮಾಡಿ, ಎಡಗಡೆ ಅಂದರೆ ಪೂರ್ವದ ಅಂಚಿನಲ್ಲಿ ಗಾಡಿ ನಿಲ್ಲಿಸಿ. ಗಾಡಿಯೇ ಗೋಡೆಯಾಗುತ್ತದೆ, ನೆರಳು ಅದರ ಮರೆಯಲ್ಲಿ ಬಿಚ್ಚುತ್ತದೆ. ಅಕ್ಟೋಬರ್ ನಂತರದ ಹಿಂಗಾರು ಮಳೆ ಮೂಡಣದಿಂದ ಹೊಡೆಯುತ್ತದೆ, ಆಗ ಎದುರು ಅಂಚು ವಾಸಿ.

ಹಾಗಾದರೆ ಎಲ್ಲರೂ ಸುತ್ತು ನೆರಳು ಕೊಳ್ಳಬೇಕೇ? ಬೇಡ. ಬಂಗಾರಪೇಟೆಯ ಪಾನಿಪುರಿಯವರ ಹಾಗೆ ಸಂಜೆ ವ್ಯಾಪಾರ ಮಾಡುವವರಿಗೆ ಬಿಸಿಲಿನ ಕಾಟ ಕಡಿಮೆ. ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಂದ ಮರಳುವವರನ್ನು ನಂಬಿ ರಾತ್ರಿ ಗಾಡಿ ಇಡುವವರಿಗೆ ಒಂದು ದೀಪ, ಮಳೆಗೆ ಒಂದು ಸಣ್ಣ ಹೊದಿಕೆ ಸಾಕು. ಒಂದೇ ಕಡೆಯಿಂದ ಮಾರುವವರಿಗೆ ನೇರ ಎಳೆಯುವ ನೆರಳು ಸಾಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಕ್ಕದಲ್ಲೂ ಹಿಂದೆಯೂ ಗಿರಾಕಿ ನಿಲ್ಲಿಸಿಕೊಳ್ಳುವವರಿಗೆ ಮಾತ್ರ ಮುಕ್ಕಾಲು ಸುತ್ತಿನ ಖರ್ಚು ದಕ್ಕುತ್ತದೆ.

ಅವರೂ ಅಂಗಡಿಯದ್ದೇ ಕೊಳ್ಳಬೇಕೆಂದಿಲ್ಲ. ಗಣಿ ಮತ್ತು ಬೆಮೆಲ್ ಬೆಳೆಸಿದ ಊರು ನಮ್ಮದು. ಲೇಥ್, ವೆಲ್ಡಿಂಗ್ ಬಲ್ಲವರಿಗೆ ಇಲ್ಲಿ ಕೊರತೆಯಿಲ್ಲ, ಶಾಮಿಯಾನ ಹೊಲಿಯುವವರೂ ಇದ್ದಾರೆ. ಕೀಲು, ಕೋಲು ಇಲ್ಲೇ ಮಾಡಿಸಿ. ಆದರೆ ಗಾಡಿಯ ತಗಡಿಗೆ ವೆಲ್ಡ್ ಮಾಡಿಸಬೇಡಿ. ತೊಟ್ಟಿಯ ಚೌಕಟ್ಟಿಗೆ ಕ್ಲ್ಯಾಂಪ್ ಹಾಕಿ, ಬೇಕಾದಾಗ ಬಿಚ್ಚುವಂತಿರಲಿ. ಆರ್‌ಸಿಯಲ್ಲಿರುವ ಗಾಡಿಯ ರೂಪ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಗಾಡಿ ಓಡುವಾಗ ಮಡಚಿದ ಕೋಲು ಹೊರಗೆ ಚಾಚಿರಬಾರದು.

ಇನ್ನು ದುಡ್ಡು. ಬೀದಿ ವ್ಯಾಪಾರಿಗಳಿಗೆಂದು 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲದ ಮೊದಲ ಕಂತು ಆಗ 10 ಸಾವಿರ ರೂಪಾಯಿ ಇತ್ತು. ಸುತ್ತಲಿನ ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಮಾರುವವರಿಗೂ ಅದರಲ್ಲಿ ಅವಕಾಶ ಕೊಟ್ಟಿದ್ದರು. ಅಂಥ ಸಾಲ ಮಾಲು ಹಾಕಲು ಸಿಗುವ ದುಡ್ಡು. ಅಷ್ಟನ್ನೂ ಬಟ್ಟೆ, ಕಬ್ಬಿಣಕ್ಕೆ ಸುರಿದು ಬರಿಗಾಡಿ ನಿಲ್ಲಿಸಿಕೊಳ್ಳಬೇಡಿ.

ಬಿಸಿಲಿನಲ್ಲಿ ನಿಂತು ಮಾರುವವರು ನೆರಳನ್ನೂ ತಾವೇ ಹೊತ್ತು ತಿರುಗಬೇಕೇ ಎಂದು ನಮ್ಮನ್ನು ಕೇಳಿದರೆ, ಬೇಡ ಎನ್ನುತ್ತೇವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ವ್ಯಾಪಾರಕ್ಕೆ ಜಾಗ ಗುರುತಿಸಬೇಕು ಎನ್ನುತ್ತದೆ. ಗುರುತಿಸುವಾಗ ಮರ ಇರುವ ಜಾಗ ನೋಡಲಿ, ಇಲ್ಲದ ಕಡೆ ಹೊಂಗೆ ನೆಡಲಿ. ಆದರೆ ಹೊಂಗೆ ನೆರಳು ಕೊಡಲು ವರ್ಷಗಳು ಬೇಕು, ಏಪ್ರಿಲ್ ಪ್ರತಿ ವರ್ಷ ಬರುತ್ತದೆ.

ಅಂಗಡಿಯಲ್ಲಾಗಲಿ, ವೆಲ್ಡಿಂಗ್ ಶಾಪಿನಲ್ಲಾಗಲಿ, ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಾರುವವನು ಮಡಚಿ ತೋರಿಸುವುದು ಬೇಡ. ದಿನವೂ ಗಾಡಿಯ ಬಳಿ ನಿಲ್ಲುವವರನ್ನು ಕರೆದುಕೊಂಡು ಹೋಗಿ. ಹೆಚ್ಚಿನ ಗಾಡಿಗಳಲ್ಲಿ ಹಾಗೆ ನಿಲ್ಲುವುದು ಮನೆಯ ಹೆಂಗಸರು. ಅವರ ಕೈಗೆ ಆ ಕೀಲು ಎಟುಕುತ್ತದೆಯೇ? ಸ್ಟೂಲು ಬೇಕಾಗುತ್ತದೆಯೇ? ಮೊಬೈಲಿನಲ್ಲಿ ಟೈಮರ್ ಇಟ್ಟು ಅವರೊಬ್ಬರೇ ಮಡಚಲಿ. ಒಂದು ನಿಮಿಷ ಮೀರಿದರೆ ಅದು ಎಷ್ಟೇ ದೊಡ್ಡದಿರಲಿ, ಬಿಟ್ಟು ಬನ್ನಿ.

ಕೈಗೆ ಪೆಟ್ಟಾದ ಆ ತಾಯಿಯ ಗಾಡಿಗೆ ಈಗ ಅರ್ಧ ಸುತ್ತಿನ ನೆರಳಿದೆ, ಎರಡೇ ಕಾಲು. ಹಿಂದಿನದಕ್ಕಿಂತ ಸಣ್ಣದು, ಒಂದಿಬ್ಬರು ಗಿರಾಕಿಗಳು ಬಿಸಿಲಿನಲ್ಲೇ ನಿಲ್ಲುತ್ತಾರೆ. ಮೊನ್ನೆ ಮೋಡ ಕವಿದಾಗ ನಾವು ಅಲ್ಲೇ ಇದ್ದೆವು. ಗಂಡನನ್ನು ಕೂಗದೆ, ನಮ್ಮನ್ನೂ ಕರೆಯದೆ, ತೂಕ ಹಾಕುತ್ತಿದ್ದ ಬೀನ್ಸ್ ಪಕ್ಕಕ್ಕಿಟ್ಟು ಅವರೇ ಮಡಚಿದರು. ಆಮೇಲೆ ಬೀನ್ಸ್ ತೂಗಿ ಕೊಟ್ಟರು.